ಕೈ ಹಿಸುಕುವ ಮಕ್ಕಳು, ಕೈಬಿಡದ ವೈದ್ಯೆ

ಮೊದಲ ಹುಟ್ಟುಹಬ್ಬ ಮುಗಿದು ಮೂರ್ನಾಲ್ಕು ತಿಂಗಳಾಗಿರುತ್ತದೆ. ಮಗಳು ಗೋಡೆ ಹಿಡಿದು ಹೆಜ್ಜೆ ಇಡುತ್ತಾಳೆ. ಅಜ್ಜಿ ‘ಟಾಟಾ ಮಾಡು ಪುಟ್ಟಿ’ ಅಂದರೆ ಕೈ ಬೀಸುತ್ತಾಳೆ. ತಟ್ಟೆಯ ಅಂಚಿಗೆ ಅಂಟಿದ ಅನ್ನದ ಅಗುಳನ್ನು ಎರಡೇ ಬೆರಳಲ್ಲಿ ಹೆಕ್ಕಿ ಬಾಯಿಗೆ ಹಾಕಿಕೊಳ್ಳುತ್ತಾಳೆ. ಅಮ್ಮ, ಅಪ್ಪ, ಅಜ್ಜಿ, ಹಾಲು ಅಂತ ಐದಾರು ಮಾತೂ ಬಂದಿವೆ. ಲಸಿಕೆ ಹಾಕಿಸಲು ಹೋದಾಗ ಡಾಕ್ಟರು ತೂಕ ನೋಡಿ, ಎಲ್ಲ ಸರಿಯಾಗಿದೆ ಎಂದು ಕಳಿಸಿದ್ದಾರೆ.

ಆಮೇಲೆ ಮಾತು ಒಂದೊಂದಾಗಿ ನಿಲ್ಲತೊಡಗುತ್ತದೆ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ಅಗುಳು ಹೆಕ್ಕುತ್ತಿದ್ದ ಬೆರಳುಗಳು ಬಿಸ್ಕತ್ತನ್ನೂ ಹಿಡಿಯವು. ಎರಡೂ ಕೈ ಎದೆಯ ಮುಂದೆ ಬಂದು ಸೇರಿ, ಒಂದನ್ನೊಂದು ಉಜ್ಜುತ್ತ, ಹಿಸುಕುತ್ತ, ಎಚ್ಚರವಿರುವಷ್ಟು ಹೊತ್ತೂ ಅದೇ ಕೆಲಸದಲ್ಲಿ ತೊಡಗಿರುತ್ತವೆ. ನಿದ್ದೆಯಲ್ಲಿ ಮಾತ್ರ ಅವಕ್ಕೆ ಬಿಡುವು. ಮನೆಯಲ್ಲಿ ಒಬ್ಬರು ದೃಷ್ಟಿ ತಾಗಿದೆ ಎನ್ನುತ್ತಾರೆ. ಇನ್ನೊಬ್ಬರು ಬಾಲಗ್ರಹವೆಂದು ತಾಯತ ಕಟ್ಟಿಸುತ್ತಾರೆ. ‘ಕೆಲವು ಮಕ್ಕಳು ತಡವಾಗಿ ಮಾತಾಡ್ತಾವೆ, ಬಿಡಿ’ ಎಂದು ಸಮಾಧಾನ ಹೇಳುವವರೂ ಇರುತ್ತಾರೆ. ಆದರೆ ಈ ಮಗು ತಡವಾಗಿ ಕಲಿಯುತ್ತಿಲ್ಲ. ಕಲಿತದ್ದನ್ನೇ ಕಳೆದುಕೊಳ್ಳುತ್ತಿದೆ.

ಈ ಕಾಯಿಲೆಯ ಹೆಸರು ರೆಟ್ ಸಿಂಡ್ರೋಮ್. ಸುಮಾರು ಹತ್ತು ಸಾವಿರ ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಬರುತ್ತದೆ. ಕರ್ನಾಟಕದಲ್ಲಿ ವರ್ಷಕ್ಕೆ ಹುಟ್ಟುವ ಮಕ್ಕಳು ಹತ್ತು ಲಕ್ಷದ ಆಸುಪಾಸು. ಅವರಲ್ಲಿ ಅರ್ಧದಷ್ಟು ಹೆಣ್ಣು ಎಂದುಕೊಂಡರೆ, ನಮ್ಮ ರಾಜ್ಯವೊಂದರಲ್ಲೇ ವರ್ಷಕ್ಕೆ ಐವತ್ತರ ಸಮೀಪ ಮನೆಗಳಲ್ಲಿ ಇದು ನಡೆಯುತ್ತಿರಬೇಕು. ‘ಅಪರೂಪದ ಕಾಯಿಲೆ’ ಎಂಬ ಮಾತು ಆಸ್ಪತ್ರೆಯ ಲೆಕ್ಕಕ್ಕೆ ಸರಿ. ಆ ಮನೆಯ ಮಟ್ಟಿಗೆ ಅದಕ್ಕೆ ಅರ್ಥವಿಲ್ಲ.

ಮಕ್ಕಳ ಮಿದುಳಿನ ಇಂಥ ಅಪರೂಪದ ಕಾಯಿಲೆಗಳ ಬಗ್ಗೆ ಇವತ್ತು ನಮಗೆ ಏನಾದರೂ ಗೊತ್ತಿದ್ದರೆ, ಅದರಲ್ಲಿ ದೊಡ್ಡ ಪಾಲು ರೋಗಿಯ ಬಳಿಯಿಂದ ಎದ್ದು ನೇರವಾಗಿ ಪ್ರಯೋಗಾಲಯಕ್ಕೆ ಹೋದ ಕೆಲವೇ ವೈದ್ಯರದ್ದು. ಅವರಲ್ಲಿ ಮುಂಚೂಣಿಯ ಹೆಸರು ಹುದಾ ಜೊಗ್ಬಿ. ಲೆಬನಾನ್‌ನಲ್ಲಿ ಹುಟ್ಟಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ನೆಲೆಸಿದ ಮಕ್ಕಳ ನರರೋಗ ತಜ್ಞೆ ಅವರು. ಒಂದು ಕಾಯಿಲೆಯ ಮೂಲ ಹುಡುಕಲು 16 ವರ್ಷ ಕೊಟ್ಟವರು.

ವಿಯೆನ್ನಾದಲ್ಲಿ ಕಂಡದ್ದು, ಜಗತ್ತು ಓದದ್ದು

ಕಾಯಿಲೆಯನ್ನು ಮೊದಲು ಗುರುತಿಸಿದವರು ಆಸ್ಟ್ರಿಯಾದ ಮಕ್ಕಳ ವೈದ್ಯ ಆಂಡ್ರಿಯಾಸ್ ರೆಟ್. 1954ರಲ್ಲಿ ವಿಯೆನ್ನಾದ ತಮ್ಮ ಕ್ಲಿನಿಕ್ಕಿನಲ್ಲಿ ಸರದಿಗಾಗಿ ಕೂತಿದ್ದ ಇಬ್ಬರು ತಾಯಂದಿರನ್ನು ಅವರು ಕಂಡರು. ಇಬ್ಬರ ಮಡಿಲಲ್ಲೂ ಒಬ್ಬೊಬ್ಬ ಹುಡುಗಿ. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಆ ಇಬ್ಬರೂ ಹುಡುಗಿಯರು ಕೈತೊಳೆಯುವಂತೆ ಒಂದೇ ಬಗೆಯಲ್ಲಿ ಅಂಗೈ ಉಜ್ಜುತ್ತಿದ್ದರು. ಬೇರೆ ಬೇರೆ ದಿನ ಬಂದಿದ್ದರೆ ಈ ಹೋಲಿಕೆ ಕಣ್ಣಿಗೆ ಬೀಳುತ್ತಿತ್ತೋ ಇಲ್ಲವೋ.

ಇಂಥ ಇನ್ನಷ್ಟು ಮಕ್ಕಳನ್ನು ಹುಡುಕಿ, 1966ರಲ್ಲಿ ರೆಟ್ ಜರ್ಮನ್ ಭಾಷೆಯಲ್ಲಿ ಬರೆದರು. ಹೊರಗಿನ ವೈದ್ಯಲೋಕ ಅದನ್ನು ಗಮನಿಸಲಿಲ್ಲ. ಅತ್ತ ಸ್ವೀಡನ್ನಿನಲ್ಲಿ ಬೆಂಗ್ಟ್ ಹಾಗ್‌ಬರ್ಗ್ ಎಂಬ ಮಕ್ಕಳ ನರತಜ್ಞರೂ ಇದೇ ಲಕ್ಷಣದ ಹುಡುಗಿಯರ ಟಿಪ್ಪಣಿ ಬರೆದಿಟ್ಟುಕೊಳ್ಳುತ್ತಿದ್ದರು. 1983ರಲ್ಲಿ ಅವರೂ ಸಂಗಡಿಗರೂ ಸೇರಿ 35 ಹುಡುಗಿಯರ ವಿವರವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿ, ಮೊದಲು ಕಂಡವರ ಹೆಸರನ್ನೇ ಕಾಯಿಲೆಗೆ ಇಟ್ಟರು. ವಿಯೆನ್ನಾದ ಆ ದಿನದಿಂದ ಲೆಕ್ಕ ಹಾಕಿದರೆ 29 ವರ್ಷ. ಅಷ್ಟೂ ಕಾಲ ಈ ಮಕ್ಕಳಿಗೆ ಸೆರೆಬ್ರಲ್ ಪಾಲ್ಸಿ ಎಂದೋ ಬುದ್ಧಿಮಾಂದ್ಯ ಎಂದೋ ಚೀಟಿ ಬರೆದು ಕಳಿಸಲಾಗುತ್ತಿತ್ತು. ಹುಡುಗಿಯರು ಎಲ್ಲ ಊರುಗಳಲ್ಲೂ ಇದ್ದರು. ಅವರನ್ನು ಒಟ್ಟಿಗೆ ಇಟ್ಟು ನೋಡುವ ಹೆಸರೊಂದು ಇರಲಿಲ್ಲ.

ಯುದ್ಧ ಬದಲಿಸಿದ ದಾರಿ

ರೆಟ್ ತಮ್ಮ ಕ್ಲಿನಿಕ್ಕಿನಲ್ಲಿ ಆ ಹುಡುಗಿಯರನ್ನು ಕಂಡ 1954ರಲ್ಲೇ ಬೈರೂತ್‌ನಲ್ಲಿ ಹುದಾ ಹುಟ್ಟಿದರು. ಶಾಲೆಯಲ್ಲಿ ಅವರ ಮನಸ್ಸೆಲ್ಲ ಸಾಹಿತ್ಯದ ಕಡೆಗಿತ್ತು. ಆದರೆ ಹೆಣ್ಣುಮಗಳು ತನ್ನ ಕಾಲ ಮೇಲೆ ನಿಲ್ಲಬೇಕು, ಅದಕ್ಕೆ ಒಂದು ಗಟ್ಟಿ ವೃತ್ತಿ ಬೇಕು ಎಂಬುದು ತಾಯಿಯ ನಿಲುವು. ತಾಯಿಯ ಮಾತಿಗೆ ಒಪ್ಪಿ ಬೈರೂತ್‌ನ ಅಮೆರಿಕನ್ ವಿಶ್ವವಿದ್ಯಾಲಯದಲ್ಲಿ ಜೀವಶಾಸ್ತ್ರ ಓದಿ, 1975ರಲ್ಲಿ ಅಲ್ಲೇ ವೈದ್ಯಕೀಯಕ್ಕೆ ಸೇರಿದರು. ಲೆಬನಾನ್‌ನ ಅಂತರ್ಯುದ್ಧ ಶುರುವಾದದ್ದೂ ಅದೇ ವರ್ಷ.

ಮೊದಲ ವರ್ಷ ಗುಂಡಿನ ಸದ್ದಿನ ನಡುವೆಯೇ ಕಳೆಯಿತು. ಮನೆಗೆ ಹೋಗಿಬರುವುದು ಅಪಾಯವಾದ್ದರಿಂದ ವಿದ್ಯಾರ್ಥಿಗಳು ಕಾಲೇಜಿನ ಆವರಣದಲ್ಲೇ ಉಳಿದರು. ಸಿಡಿದ ಚೂರು ತಾಗಿ ಹುದಾ ಅವರ ತಮ್ಮ ಗಾಯಗೊಂಡ ಮೇಲೆ, ಬೇಸಿಗೆ ಕಳೆದು ಬನ್ನಿ ಎಂದು ಮಕ್ಕಳನ್ನು ಹೆತ್ತವರು ಅಮೆರಿಕದ ಟೆಕ್ಸಸ್‌ನಲ್ಲಿದ್ದ ಅಕ್ಕನ ಮನೆಗೆ ಕಳಿಸಿದರು. ಬೇಸಿಗೆ ಕಳೆಯಿತು, ಯುದ್ಧ ಮುಗಿಯಲಿಲ್ಲ. ಊರಿಗೆ ಹಿಂತಿರುಗುವ ಹಾದಿ ಮುಚ್ಚಿತು.

ಅಷ್ಟರಲ್ಲಿ ಅಮೆರಿಕದ ಕಾಲೇಜುಗಳಲ್ಲಿ ಪ್ರವೇಶ ಮುಗಿದಿತ್ತು. ನ್ಯಾಶ್‌ವಿಲ್‌ನ ಮೆಹ್ಯಾರಿ ವೈದ್ಯಕೀಯ ಕಾಲೇಜು ಅವರನ್ನು ಸೇರಿಸಿಕೊಂಡಿತು. ಬಿಳಿಯರ ಕಾಲೇಜುಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಕಪ್ಪು ಜನರಿಗೆ ವೈದ್ಯಕೀಯ ಕಲಿಸಲೆಂದು ಹುಟ್ಟಿದ ಸಂಸ್ಥೆ ಅದು. ಯುದ್ಧದಿಂದ ತಪ್ಪಿಸಿಕೊಂಡು ಬಂದ ಅರಬ್ ಹುಡುಗಿಯೊಬ್ಬಳಿಗೆ ಅವಕಾಶ ಕೊಟ್ಟದ್ದು ಆ ಕಾಲೇಜು ಎಂಬುದನ್ನು ಈ ಕಥೆ ಹೇಳುವವರು ಮರೆಯಬಾರದು. ಬೈರೂತ್‌ನಲ್ಲಿ ಸಹಪಾಠಿಯಾಗಿದ್ದ ವಿಲಿಯಂ ಜೊಗ್ಬಿ ಮುಂದೆ ಅದೇ ಕಾಲೇಜಿಗೆ ಬಂದರು, ಹುದಾ ಅವರನ್ನೇ ಮದುವೆಯಾದರು, ಹೃದ್ರೋಗ ತಜ್ಞರಾದರು. 1979ರಲ್ಲಿ ಪದವಿ ಮುಗಿಸಿದ ಹುದಾ ಹ್ಯೂಸ್ಟನ್‌ನ ಬೇಲರ್ ವೈದ್ಯಕೀಯ ಕಾಲೇಜಿಗೆ ಮಕ್ಕಳ ಚಿಕಿತ್ಸೆ ಕಲಿಯಲು ಬಂದು, ಮೊದಲು ಮಕ್ಕಳ ಹೃದಯದ ಕಡೆ ಒಲವಿದ್ದರೂ ಗುರುವೊಬ್ಬರ ಪ್ರಭಾವದಿಂದ ನರರೋಗದ ಕಡೆ ಹೊರಳಿದರು.

1983ರ ಅಕ್ಟೋಬರ್

ಆ ತಿಂಗಳು ಟೆಕ್ಸಸ್ ಮಕ್ಕಳ ಆಸ್ಪತ್ರೆಗೆ ಐದು ವರ್ಷವೂ ತುಂಬದ ಒಬ್ಬ ಹುಡುಗಿ ಬಂದಳು. ಎರಡು ವರ್ಷದವರೆಗೆ ಎಲ್ಲರ ಹಾಗೇ ಆಡಿಕೊಂಡು ಹಾಡಿಕೊಂಡಿದ್ದವಳು. ಆಮೇಲೆ ಮಾತು ಹೋಯಿತು, ನಡಿಗೆ ತತ್ತರಿಸಿತು, ಕೈಗಳು ಒಂದನ್ನೊಂದು ಹಿಸುಕತೊಡಗಿದವು. ಹಾಗ್‌ಬರ್ಗ್‌ರ ಲೇಖನ ಪ್ರಕಟವಾಗಿ ಹೆಚ್ಚು ದಿನವಾಗಿರಲಿಲ್ಲ. ಆ ಲೇಖನದಲ್ಲಿದ್ದ ಹುಡುಗಿ ಇವಳೇ ಎಂದು ತಂಡಕ್ಕೆ ಹೊಳೆಯಿತು.

ಒಂದೇ ವಾರದಲ್ಲಿ ಇನ್ನೊಂದು ಕ್ಲಿನಿಕ್ಕಿನಲ್ಲಿ ಜೊಗ್ಬಿ ಇನ್ನೊಬ್ಬ ಹುಡುಗಿಯನ್ನು ಕಂಡರು. ಇವಳು ದೊಡ್ಡವಳು, ಗಾಲಿಕುರ್ಚಿಯಲ್ಲಿದ್ದಳು. ಫೈಲಿನಲ್ಲಿ ‘ಸೆರೆಬ್ರಲ್ ಪಾಲ್ಸಿ’ ಎಂದು ಬರೆದಿತ್ತು. ಕೈಗಳು ಮಾತ್ರ ಅದೇ ಕೆಲಸ ಮಾಡುತ್ತಿದ್ದವು.

ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ತಪ್ಪಾಗಿ ಬರೆದಿದ್ದ ರೋಗದ ಹೆಸರನ್ನು ತಿದ್ದಿ, ಮುಂದಿನ ರೋಗಿಯನ್ನು ಕರೆಯುತ್ತಾರೆ. ಜೊಗ್ಬಿ ಆಸ್ಪತ್ರೆಯ ಹಳೆಯ ಫೈಲುಗಳನ್ನು ತೆಗೆಸಿ ಕೂತರು. ಕಾರಣ ಸಿಗದೆ ಬುದ್ಧಿ ಹಿಂದೆ ಬಿದ್ದ ಹುಡುಗಿಯರ ಕಡತಗಳಲ್ಲಿ ಕೈ ಹಿಸುಕುವ ಉಲ್ಲೇಖ ಹುಡುಕಿದರು. ಇನ್ನೂ ಕೆಲವರು ಸಿಕ್ಕರು. 1985ರಲ್ಲಿ ಈ ಮಕ್ಕಳ ಬೆನ್ನುಹುರಿಯ ದ್ರವದಲ್ಲಿ ಕೆಲವು ನರರಾಸಾಯನಿಕಗಳು ಕಡಿಮೆಯಿವೆ ಎಂಬ ಅವರ ಬರಹ ಅಮೆರಿಕದ ಹೆಸರಾಂತ ವೈದ್ಯಪತ್ರಿಕೆಯಲ್ಲಿ ಬಂತು. ಸುದ್ದಿ ಹರಡಿ, ದೇಶದ ಮೂಲೆಮೂಲೆಯಿಂದ ಹೆತ್ತವರು ಮಕ್ಕಳನ್ನು ಎತ್ತಿಕೊಂಡು ಹ್ಯೂಸ್ಟನ್‌ಗೆ ಬಂದರು.

ನೋಡುತ್ತ ಹೋದಂತೆ ಜೊಗ್ಬಿಗೆ ಒಂದು ವಿಷಯ ಖಾತ್ರಿಯಾಯಿತು. ಲಕ್ಷಣಗಳು ಒಬ್ಬಳಿಂದ ಒಬ್ಬಳಿಗೆ ಇಷ್ಟು ಕರಾರುವಾಕ್ಕಾಗಿ ಹೊಂದುತ್ತವೆ, ಅದೂ ಹೆಣ್ಣುಮಕ್ಕಳಲ್ಲೇ. ಸೋಂಕಿನಿಂದಲೋ ಹೆರಿಗೆಯ ತೊಂದರೆಯಿಂದಲೋ ಹೀಗಾಗಲು ಸಾಧ್ಯವಿಲ್ಲ. ಇದಕ್ಕೆ ಒಂದು ಜೀನ್ ಕಾರಣ ಇರಲೇಬೇಕು.

‘ಆ ಗೊಡವೆ ಬೇಡ’ ಎಂದವರು

ಈ ನಂಬಿಕೆಗೆ ಬೆಂಬಲ ಸಿಗಲಿಲ್ಲ. ಅದಕ್ಕೆ ಕಾರಣವೂ ಇತ್ತು. ಜೀನ್ ಹುಡುಕುವವರಿಗೆ ಆಗ ಬೇಕಿದ್ದದ್ದು ದೊಡ್ಡ ಕುಟುಂಬಗಳು. ತಾತನಿಂದ ತಂದೆಗೆ, ತಂದೆಯಿಂದ ಮಕ್ಕಳಿಗೆ ಕಾಯಿಲೆ ಇಳಿದು ಬಂದಿದ್ದರೆ ಎಲ್ಲರ ರಕ್ತ ತೆಗೆದು, ಕಾಯಿಲೆಯವರಲ್ಲಿ ಮಾತ್ರ ಇರುವ ತುಣುಕು ಯಾವುದೆಂದು ಪತ್ತೆ ಮಾಡಬಹುದು. ರೆಟ್ ಹಾಗಲ್ಲ. ಬಹುತೇಕ ಮನೆಗಳಲ್ಲಿ ಒಬ್ಬಳೇ ಹುಡುಗಿ, ಹಿಂದೆ ಮುಂದೆ ಯಾರಿಗೂ ಇಲ್ಲ. ಜೀನ್‌ನಿಂದಲೇ ಬಂದಿದೆ ಎನ್ನಲು ಆಧಾರವೇನು ಎಂದು ಹಿರಿಯರು ಕೇಳುತ್ತಿದ್ದರು. ಪ್ರಯೋಗಾಲಯಕ್ಕೆ ಹೊಸದಾಗಿ ಬಂದ ವೈದ್ಯೆ ಇಂಥ ವಿಷಯ ಹಿಡಿದರೆ ವೃತ್ತಿಯೇ ಹಾಳಾದೀತು ಎಂಬ ಕಳಕಳಿಯೂ ಅವರಿಗಿತ್ತು.

ಜೊಗ್ಬಿ ಎರಡು ಕೆಲಸವನ್ನು ಜೊತೆಗೇ ಹಿಡಿದರು. ತಳಿವಿಜ್ಞಾನಿ ಆರ್ಥರ್ ಬೋಡೆ ಅವರ ಬಳಿ ಪ್ರಯೋಗಾಲಯದ ಕೆಲಸ ಕಲಿತು, ಕುಟುಂಬಗಳಲ್ಲಿ ಹರಿದುಬರುವ ಬೇರೊಂದು ಕಾಯಿಲೆಯನ್ನು ಕೈಗೆತ್ತಿಕೊಂಡರು. ಅದರ ಹೆಸರು ಸ್ಪೈನೋಸೆರೆಬೆಲ್ಲಾರ್ ಅಟಾಕ್ಸಿಯಾ, ಒಂದನೆಯ ಬಗೆ. ನಡಿಗೆ ಹದ ತಪ್ಪುತ್ತದೆ, ಮಾತು ತೊದಲುತ್ತದೆ, ಕೊನೆಗೆ ನುಂಗುವುದೂ ಉಸಿರಾಟವೂ ಕಷ್ಟವಾಗುತ್ತದೆ. ಸಾಮಾನ್ಯವಾಗಿ ನಡುವಯಸ್ಸಿನಲ್ಲಿ ಕಾಣಿಸಿಕೊಳ್ಳುವ ಇದು ಕೆಲವು ವಂಶಗಳಲ್ಲಿ ಪೀಳಿಗೆಯಿಂದ ಪೀಳಿಗೆಗೆ ಬೇಗ ಬೇಗ ಬಂದು, ಮಕ್ಕಳನ್ನೂ ಹಿಡಿಯುತ್ತದೆ.

1988ರಲ್ಲಿ ಬೇಲರ್‌ನಲ್ಲಿ ಸ್ವಂತ ಪ್ರಯೋಗಾಲಯ ತೆರೆದರು. ಮಿನ್ನೆಸೋಟಾ ವಿಶ್ವವಿದ್ಯಾಲಯದ ಹ್ಯಾರಿ ಆರ್ ಅವರೂ ಇದೇ ಜೀನ್ ಹುಡುಕುತ್ತಿದ್ದರು. ಇಂಥ ಸಂದರ್ಭದಲ್ಲಿ ಪೈಪೋಟಿ ಸಹಜ. ಇವರಿಬ್ಬರೂ ಕೈಜೋಡಿಸಿದರು. 1993ರಲ್ಲಿ ಇಬ್ಬರ ಪ್ರಯೋಗಾಲಯದಲ್ಲೂ ಒಂದೇ ದಿನ ಉತ್ತರ ಸಿಕ್ಕಿತು. ಜೀನ್‌ನೊಳಗೆ ಮೂರಕ್ಷರದ ಒಂದು ತುಣುಕು ಮತ್ತೆ ಮತ್ತೆ ಬರುತ್ತದೆ. ಆರೋಗ್ಯವಂತರಲ್ಲಿ ಸುಮಾರು 30 ಸಲ ಬಂದರೆ, ರೋಗಿಗಳಲ್ಲಿ 40 ದಾಟುತ್ತದೆ. ಮುಂದಿನ ಪೀಳಿಗೆಗೆ ಹೋಗುವಾಗ ಅದು ಇನ್ನಷ್ಟು ಬೆಳೆಯುತ್ತದೆ. ತಂದೆಗಿಂತ ಮಗನಿಗೆ ಕಾಯಿಲೆ ಬೇಗ ಬರುವುದೇಕೆ ಎಂಬುದಕ್ಕೆ ಕಾರಣ ಅಲ್ಲೇ ಇತ್ತು. ಈ ಅಟಾಕ್ಸಿಯಾ ದಕ್ಷಿಣ ಭಾರತದಲ್ಲೂ ಇದೆ. ಇವತ್ತು ಇಲ್ಲಿನ ರೋಗಿಯ ರಕ್ತದಲ್ಲಿ ಪ್ರಯೋಗಾಲಯಗಳು ಎಣಿಸುವುದು 1993ರಲ್ಲಿ ಗೊತ್ತಾದ ಅದೇ ತುಣುಕುಗಳನ್ನು.

ಈ ಯಶಸ್ಸು ಜೊಗ್ಬಿಗೆ ಹೆಸರು ತಂದಿತು, ಹಣ ತಂದಿತು. ರೆಟ್ ಹುಡುಕಾಟ ಬಿಡದೆ ನಡೆಸಲು ಬೇಕಾದ ಸ್ವಾತಂತ್ರ್ಯವೂ ಅದರಿಂದಲೇ ಬಂತು.

16 ವರ್ಷದ ಹುಡುಕಾಟ

ಕಾಯಿಲೆ ಹುಡುಗಿಯರಲ್ಲೇ ಕಾಣುವುದರಿಂದ ಕಾರಣ ಎಕ್ಸ್ ವರ್ಣತಂತುವಿನಲ್ಲಿರಬೇಕೆಂದು ಊಹಿಸಿದ್ದರು. ಆದರೆ ಆ ವರ್ಣತಂತುವಿನಲ್ಲಿ ಜೀನ್‌ಗಳು ನೂರಾರು. ಮಾನವನ ಜೀನ್‌ಗಳ ಪೂರ್ತಿ ನಕ್ಷೆ ಆಗ ಇರಲಿಲ್ಲ. ಒಂದೇ ಕುಟುಂಬದಲ್ಲಿ ಇಬ್ಬರು ರೆಟ್ ಹುಡುಗಿಯರು ಇರುವುದು ತೀರಾ ವಿರಳ, ಅಂಥ ಕುಟುಂಬಗಳನ್ನು ಜಗತ್ತಿನಾದ್ಯಂತ ಹುಡುಕಬೇಕಾಯಿತು. ತಾಯಿ ಒಬ್ಬಳೇ, ತಂದೆ ಬೇರೆಯಾದ ಅಕ್ಕತಂಗಿಯರು ಸಿಕ್ಕರೆ ಅದೊಂದು ದೊಡ್ಡ ಆಸರೆ. ಇಬ್ಬರಿಗೂ ಕಾಯಿಲೆ ತಾಯಿಯಿಂದಲೇ ಬಂದಿರಬೇಕು, ಹಾಗಾದರೆ ತಾಯಿ ಕೊಟ್ಟ ಎಕ್ಸ್‌ನಲ್ಲಿ ಇಬ್ಬರಿಗೂ ಸಮಾನವಾದ ಭಾಗದಲ್ಲೇ ಕಾರಣ ಇದೆ, ಉಳಿದದ್ದನ್ನು ಬಿಡಬಹುದು. ಹೀಗೆ ಒಂದೊಂದು ಭಾಗವನ್ನು ಬಿಡುತ್ತ ಬಿಡುತ್ತ, ಸ್ಟ್ಯಾನ್‌ಫರ್ಡ್‌ನ ಉಟಾ ಫ್ರಾಂಕೆ ಅವರ ತಂಡದ ಸಹಯೋಗದಲ್ಲಿ ವರ್ಣತಂತುವಿನ ತುದಿಯ ಭಾಗಕ್ಕೆ ಬಂದು ನಿಂತರು.

ಆ ತುದಿಯಲ್ಲೂ ಜೀನ್‌ಗಳು ಬಹಳ. ಜೊಗ್ಬಿ ಪ್ರಯೋಗಾಲಯದ ರೂಥಿ ಅಮೀರ್ ಒಂದೊಂದೇ ಜೀನ್ ತೆಗೆದುಕೊಂಡು, ರೋಗಿಗಳ ಅಕ್ಷರಸಾಲನ್ನು ಆರೋಗ್ಯವಂತರದ್ದರ ಪಕ್ಕದಲ್ಲಿಟ್ಟು ಓದುತ್ತ ಹೋದರು. ಒಂದು ಜೀನ್ ಓದಿ ಮುಗಿಸುತ್ತಾರೆ, ವ್ಯತ್ಯಾಸವಿಲ್ಲ. ಮುಂದಿನದು, ವ್ಯತ್ಯಾಸವಿಲ್ಲ. ಇಂಥ ಕೆಲಸದಲ್ಲಿ ವರ್ಷಗಟ್ಟಲೆ ಪ್ರಕಟಿಸಲು ಏನೂ ಇರುವುದಿಲ್ಲ. ಸಂಶೋಧನೆಗೆ ಹಣ ಕೊಡುವವರು ಕೇಳುವ ಪ್ರಶ್ನೆಗೆ ಹೇಳಲು ಉತ್ತರವೂ ಇರುವುದಿಲ್ಲ. ಇಂಥ ಕಾಲದಲ್ಲೇ ಬಹಳ ಜನ ಬಿಟ್ಟುಹೋಗುತ್ತಾರೆ.

1999ರಲ್ಲಿ ಮೆಕ್‌ಪಿ2 ಎಂಬ ಜೀನ್‌ನಲ್ಲಿ ವ್ಯತ್ಯಾಸ ಸಿಕ್ಕಿತು. ಪರೀಕ್ಷಿಸಿದ 21 ಒಂಟಿ ರೋಗಿಗಳಲ್ಲಿ ಐವರಿಗೆ ತಪ್ಪು ಇತ್ತು, ಅವರ ತಂದೆತಾಯಿಯಲ್ಲಿ ಇರಲಿಲ್ಲ. ಅಂದರೆ ತಪ್ಪು ಹೊಸದಾಗಿ ಹುಟ್ಟಿದ್ದು. ಅಂತಃಪ್ರೇರಣೆ ಎಂದು ಕೆಲವರು ತಳ್ಳಿಹಾಕಿದ್ದ ಮಾತು ನಿಜವಾಗಿತ್ತು. ಈಗ ಗೊತ್ತಿರುವಂತೆ ರೆಟ್‌ನ ಎಲ್ಲ ಲಕ್ಷಣಗಳಿರುವವರಲ್ಲಿ ನೂರಕ್ಕೆ ಸುಮಾರು 95 ಮಂದಿಗೆ ಈ ಜೀನ್‌ನಲ್ಲೇ ತೊಂದರೆ. ಬಹುಪಾಲು ಪ್ರಕರಣಗಳಲ್ಲಿ ತಪ್ಪು ತಂದೆಯ ವೀರ್ಯಾಣುವಿನಲ್ಲಿ, ಯಾರ ಕೈವಾಡವೂ ಇಲ್ಲದೆ, ಆಕಸ್ಮಿಕವಾಗಿ ಆಗಿರುತ್ತದೆ.

ಈ ಕೊನೆಯ ವಾಕ್ಯವನ್ನು ನಮ್ಮ ಓದುಗರು ಎರಡು ಸಲ ಓದಬೇಕು. ನಮ್ಮಲ್ಲಿ ಮಗು ಹೀಗಾದರೆ ಮಾತು ಮೊದಲು ಬರುವುದು ತಾಯಿಯ ಮೇಲೆ. ಬಸುರಿಯಾಗಿದ್ದಾಗ ಏನು ತಿಂದಳು, ಗ್ರಹಣ ನೋಡಿದಳೇ, ತವರಿನ ಕಡೆ ಯಾರಿಗಿತ್ತು. ಈ ಕಾಯಿಲೆಯಲ್ಲಿ ಅಂಥ ಯಾವ ಪ್ರಶ್ನೆಗೂ ಅರ್ಥವಿಲ್ಲ. ತಂದೆಯೂ ತಪ್ಪಿತಸ್ಥನಲ್ಲ. ಅದೇ ದಂಪತಿಯ ಇನ್ನೊಂದು ಮಗುವಿಗೆ ಇದೇ ಕಾಯಿಲೆ ಬರುವ ಸಂಭವ ನೂರರಲ್ಲಿ ಒಂದಕ್ಕಿಂತ ಕಡಿಮೆ.

ಜೀನ್ ಮಾಡುವ ಕೆಲಸ

ಮೆಕ್‌ಪಿ2 ಆಗಲೇ ಗೊತ್ತಿದ್ದ ಜೀನ್. ಎಡಿನ್‌ಬರೋದ ಏಡ್ರಿಯನ್ ಬರ್ಡ್ ಅದನ್ನು ಕಾಯಿಲೆಯ ಯೋಚನೆಯೇ ಇಲ್ಲದೆ, ಜೀವಕೋಶದ ಒಳಗಿನ ನಿಯಮ ತಿಳಿಯಲೆಂದು ಕಂಡುಹಿಡಿದಿದ್ದರು. ನಮ್ಮ ಡಿಎನ್‌ಎಯ ಕೆಲವು ಅಕ್ಷರಗಳ ಮೇಲೆ ಚಿಕ್ಕ ರಾಸಾಯನಿಕ ಗುರುತುಗಳಿರುತ್ತವೆ. ಮೆಕ್‌ಪಿ2 ಜೀನ್‌ನಿಂದ ತಯಾರಾಗುವ ಪ್ರೋಟೀನ್ ಆ ಗುರುತುಗಳಿಗೆ ಅಂಟಿಕೊಂಡು, ಸಾವಿರಾರು ಬೇರೆ ಜೀನ್‌ಗಳು ಎಷ್ಟು ದುಡಿಯಬೇಕೆಂಬುದನ್ನು ಹದದಲ್ಲಿಡುತ್ತದೆ. ನರಕೋಶ ಬಲಿಯುತ್ತಿದ್ದಂತೆ ಈ ಪ್ರೋಟೀನಿನ ಅಗತ್ಯ ಹೆಚ್ಚುತ್ತದೆ. ಮಗು ಮೊದಲ ತಿಂಗಳುಗಳಲ್ಲಿ ಚೆನ್ನಾಗಿದ್ದು, ಆಮೇಲೆ ಕುಸಿಯುವುದಕ್ಕೆ ಇದೂ ಒಂದು ವಿವರಣೆ.

ಇನ್ನು ಹುಡುಗಿಯರೇ ಏಕೆ? ಹೆಣ್ಣಿನ ಪ್ರತಿ ಕೋಶದಲ್ಲೂ ಎರಡು ಎಕ್ಸ್ ಇರುತ್ತವೆ, ಒಂದು ಅಮ್ಮನದು, ಒಂದು ಅಪ್ಪನದು. ಭ್ರೂಣದ ಮೊದಲ ದಿನಗಳಲ್ಲೇ ಪ್ರತಿ ಕೋಶ ಎರಡರಲ್ಲಿ ಒಂದನ್ನು ಮುಚ್ಚಿಬಿಡುತ್ತದೆ. ಯಾವುದನ್ನು ಎಂಬುದಕ್ಕೆ ನಿಯಮವಿಲ್ಲ. ಹಾಗಾಗಿ ಹೆಣ್ಣಿನ ಮಿದುಳು ಹಳೆಸೀರೆಯ ಎರಡು ಬಣ್ಣದ ತುಂಡುಗಳನ್ನು ಸೇರಿಸಿ ಹೊಲಿದ ಕೌದಿಯ ಹಾಗೆ. ರೆಟ್ ಹುಡುಗಿಯಲ್ಲಿ ಸುಮಾರು ಅರ್ಧದಷ್ಟು ಕೋಶಗಳಲ್ಲಿ ಸರಿಯಾದ ಜೀನ್ ದುಡಿಯುತ್ತದೆ, ಉಳಿದವುಗಳಲ್ಲಿ ಕೆಟ್ಟದ್ದು. ಆ ಅರ್ಧದ ಬಲದಿಂದಲೇ ಅವಳು ಬದುಕುತ್ತಾಳೆ. ಸರಿಯಾದ ಕೋಶಗಳ ಪಾಲು ಹೆಚ್ಚಿದ್ದರೆ ಲಕ್ಷಣ ತೆಳುವಾಗಿರುತ್ತದೆ. ಗಂಡುಮಗುವಿಗೆ ಇರುವುದು ಒಂದೇ ಎಕ್ಸ್. ಅದರಲ್ಲೇ ಜೀನ್ ಪೂರ್ತಿ ಕೆಟ್ಟಿದ್ದರೆ ಶಿಶುವಾಗಿದ್ದಾಗಲೇ ಪ್ರಾಣಾಪಾಯವಾಗುತ್ತದೆ.

ಪ್ರೋಟೀನ್ ಕಡಿಮೆಯಾದರೆ ಕಾಯಿಲೆ ಎಂದಮೇಲೆ ಹೆಚ್ಚು ಕೊಟ್ಟರೆ ಗುಣವಾಗಬೇಕಲ್ಲವೇ? 2004ರಲ್ಲಿ ಜೊಗ್ಬಿ ತಂಡ ಇಲಿಗಳಲ್ಲಿ ಈ ಪ್ರೋಟೀನನ್ನು ಎರಡು ಪಟ್ಟು ಮಾಡಿ ನೋಡಿತು. ಇಲಿಗಳಿಗೆ ಮೂರ್ಛೆ ಬಂತು, ನರಗಳು ಸೋತವು, ಬೇಗ ಸತ್ತವು. ಮನುಷ್ಯರಲ್ಲೂ ಹೀಗಾಗುತ್ತಿರಬೇಕಲ್ಲ ಎಂಬ ಪ್ರಶ್ನೆಗೆ ಮರುವರ್ಷವೇ ಬೆಲ್ಜಿಯಂನ ವೈದ್ಯರು ಉತ್ತರ ಕೊಟ್ಟರು. ಈ ಜೀನ್‌ನ ಎರಡು ಪ್ರತಿಗಳಿರುವ ಹುಡುಗರು ಇದ್ದರು, ಅವರ ಬುದ್ಧಿ ಬೆಳವಣಿಗೆ ಕುಂಠಿತವಾಗಿತ್ತು, ಮೇಲಿಂದ ಮೇಲೆ ಸೋಂಕು ಕಾಡುತ್ತಿತ್ತು. ಒಂದೇ ಜೀನ್, ಕಡಿಮೆಯಾದರೆ ಒಂದು ಕಾಯಿಲೆ, ಹೆಚ್ಚಾದರೆ ಇನ್ನೊಂದು. ಚಿಕಿತ್ಸೆ ಹುಡುಕುವವರಿಗೆ ಇವತ್ತಿಗೂ ಇದೇ ಕಗ್ಗಂಟು.

ಸತ್ತಿಲ್ಲದ ನರಕೋಶಗಳು

ರೆಟ್ ಮಕ್ಕಳ ಮಿದುಳಿನಲ್ಲಿ ಕೋಶಗಳು ಸಾಯುವುದಿಲ್ಲ. ಚಿಕ್ಕದಾಗಿ, ಕವಲುಗಳು ವಿರಳವಾಗಿ, ಸರಿಯಾಗಿ ಮಾತಾಡಿಕೊಳ್ಳದೆ ಉಳಿದಿರುತ್ತವೆ. ಹಾಗಾದರೆ ಅವನ್ನು ಮತ್ತೆ ಎಬ್ಬಿಸಬಹುದೇ? 2007ರಲ್ಲಿ ಏಡ್ರಿಯನ್ ಬರ್ಡ್ ತಂಡ, ಕಾಯಿಲೆ ಪೂರ್ತಿ ಬಲಿತ ಇಲಿಗಳಲ್ಲಿ ಮುಚ್ಚಿಟ್ಟಿದ್ದ ಜೀನನ್ನು ಒಂದು ಔಷಧದ ಮೂಲಕ ತೆರೆಯಿತು. ನಡುಗುತ್ತಿದ್ದ ಇಲಿಗಳು ಓಡಾಡಿದವು, ಉಸಿರಾಟ ಸುಧಾರಿಸಿತು. ಬೆಳವಣಿಗೆಯ ಕಾಲದಲ್ಲೇ ಕೆಟ್ಟ ಮಿದುಳನ್ನು ಆಮೇಲೆ ಸರಿಪಡಿಸಲಾಗದು ಎಂಬ ಹಳೆಯ ತಿಳಿವಳಿಕೆ ಆ ದಿನ ಮುರಿಯಿತು. ನನ್ನ ದೃಷ್ಟಿಯಲ್ಲಿ ಈ ಇಡೀ ಕ್ಷೇತ್ರದ ಅತಿ ದೊಡ್ಡ ಸುದ್ದಿ ಇದು.

ಜೊಗ್ಬಿ ತಂಡದ ಕೆಲಸ ಇದೇ ದಾರಿಯಲ್ಲಿ ಮುಂದುವರಿಯಿತು. 2015ರಲ್ಲಿ, ಪ್ರೋಟೀನ್ ಹೆಚ್ಚಾದ ಇಲಿಗಳಿಗೆ ಜೀನ್‌ನ ಸಂದೇಶವನ್ನು ತಡೆಯುವ ಚಿಕ್ಕ ರಾಸಾಯನಿಕ ಎಳೆಗಳನ್ನು ಕೊಟ್ಟಾಗ ಅವು ಚೇತರಿಸಿಕೊಂಡವು. ಅದೇ ವರ್ಷ, ಮಿದುಳಿನ ಆಳದ ಒಂದು ನರಪಟ್ಟಿಗೆ ಹದವಾದ ವಿದ್ಯುತ್ ಕೊಟ್ಟಾಗ ರೆಟ್ ಇಲಿಗಳ ನೆನಪಿನ ಶಕ್ತಿ ಹೆಚ್ಚಿತು. 2021ರಲ್ಲಿ ಪ್ರಕಟವಾದ ಪ್ರಯೋಗ ಇನ್ನೂ ಸರಳ. ಲಕ್ಷಣ ಕಾಣುವ ಮೊದಲೇ ಇಲಿಗಳಿಗೆ ಒಂದೇ ಕೌಶಲವನ್ನು ಬಿಡದೆ ಅಭ್ಯಾಸ ಮಾಡಿಸಿದರು. ಅಭ್ಯಾಸವಾದ ಕೌಶಲ ಬಹುಕಾಲ ಉಳಿಯಿತು, ಲಕ್ಷಣವೂ ತಡವಾಯಿತು. ರೋಗ ಕಾಣಿಸಿಕೊಂಡ ಮೇಲೆ ಶುರುಮಾಡಿದ ಅಭ್ಯಾಸ ಆ ಫಲ ಕೊಡಲಿಲ್ಲ. ಇಲಿಯಲ್ಲಿ ಆದದ್ದು ಮಗುವಿನಲ್ಲಿ ಹಾಗೇ ಆಗುತ್ತದೆ ಎನ್ನಲಾಗದು. ಆದರೂ ಬೇಗ ಗುರುತಿಸುವುದಕ್ಕೆ ಎಷ್ಟು ಬೆಲೆಯಿದೆ ಎಂಬುದಕ್ಕೆ ಇದು ಬಲವಾದ ಸೂಚನೆ.

ಇದೇ ಪ್ರಯೋಗಾಲಯದಲ್ಲಿ ಪಕ್ಕದ ದಾರಿಗಳೂ ತೆರೆದವು. ನೊಣದ ಒಂದು ಜೀನ್‌ಗೆ ಇಲಿಯಲ್ಲಿ ಸರಿಸಮವಾದ ಜೀನ್ ಹುಡುಕಿದಾಗ, ಒಳಕಿವಿಯಲ್ಲಿ ಸದ್ದು ಹಿಡಿಯುವ ಕೋಶಗಳು ಹುಟ್ಟಬೇಕಾದರೆ ಅದೇ ಬೇಕು ಎಂದು ತಿಳಿಯಿತು. ಕಿವುಡುತನದ ಸಂಶೋಧನೆಗೆ ಅದು ಆಧಾರವಾಯಿತು. ಮೆಕ್‌ಪಿ2 ತಪ್ಪುಗಳು ಕೆಲವು ಆಟಿಸಂ ಮಕ್ಕಳಲ್ಲೂ, ಬುದ್ಧಿ ಬೆಳವಣಿಗೆಯ ತೊಂದರೆ ಇರುವ ಗಂಡುಮಕ್ಕಳಲ್ಲೂ ಕಂಡುಬಂದವು. ಹತ್ತು ಸಾವಿರದಲ್ಲಿ ಒಬ್ಬಳ ಕಾಯಿಲೆಗೆ ಇಷ್ಟೊಂದು ಖರ್ಚೇ ಎಂದು ಕೇಳುವವರಿಗೆ ಇದೇ ಉತ್ತರ. 2010ರಲ್ಲಿ ಹ್ಯೂಸ್ಟನ್‌ನಲ್ಲಿ ತೆರೆದ ಡಂಕನ್ ನರವಿಜ್ಞಾನ ಸಂಸ್ಥೆಯನ್ನು ಜೊಗ್ಬಿ ಕಟ್ಟಿದರು. 2016ರ ಶಾ ಪ್ರಶಸ್ತಿ ಮತ್ತು 2020ರ ಬ್ರೇನ್ ಪ್ರಶಸ್ತಿ ಬರ್ಡ್ ಜೊತೆಗೆ ಬಂದವು, 2022ರ ಕಾವ್ಲಿ ಪ್ರಶಸ್ತಿ ಹ್ಯಾರಿ ಆರ್ ಮತ್ತಿತರರ ಜೊತೆಗೆ.

ಮದ್ದು ಎಲ್ಲಿಗೆ ಬಂದಿದೆ?

2023ರ ಮಾರ್ಚ್‌ನಲ್ಲಿ ಅಮೆರಿಕ ರೆಟ್‌ಗಾಗಿ ಮೊದಲ ಔಷಧಕ್ಕೆ ಒಪ್ಪಿಗೆ ಕೊಟ್ಟಿತು. ಹೆಸರು ಟ್ರೋಫಿನೆಟೈಡ್, ಎರಡು ವರ್ಷ ದಾಟಿದವರಿಗೆ ಬಾಯಿಂದ ಕುಡಿಸುವ ದ್ರವ. ಇದು ಕಾಯಿಲೆಯನ್ನು ಗುಣಪಡಿಸುವುದಿಲ್ಲ, ಕೆಲವರಲ್ಲಿ ಲಕ್ಷಣಗಳನ್ನು ಒಂದಿಷ್ಟು ಸಡಿಲಿಸುತ್ತದೆ. ಬಹಳ ಮಕ್ಕಳಿಗೆ ಭೇದಿಯಾಗುತ್ತದೆ. ಅಲ್ಲಿನ ಬೆಲೆ ವರ್ಷಕ್ಕೆ ಕೋಟಿಗಟ್ಟಲೆ ರೂಪಾಯಿ. ಸರಿಯಾದ ಜೀನನ್ನೇ ಒಳಗೆ ಕಳಿಸುವ ಚಿಕಿತ್ಸೆಯ ಪರೀಕ್ಷೆಗಳೂ ಮನುಷ್ಯರಲ್ಲಿ ನಡೆಯುತ್ತಿವೆ. ಕೆಲವರಲ್ಲಿ ಸುಧಾರಣೆ ಕಂಡಿದೆ. ಒಂದು ಪರೀಕ್ಷೆಯಲ್ಲಿ ಹೆಚ್ಚಿನ ಪ್ರಮಾಣ ಪಡೆದ ಒಬ್ಬರು 2024ರಲ್ಲಿ ತೀರಿಕೊಂಡರು, ಆ ಪ್ರಮಾಣ ಕೊಡುವುದನ್ನು ನಿಲ್ಲಿಸಲಾಯಿತು. ಕಡಿಮೆಯೂ ಆಗಬಾರದ, ಹೆಚ್ಚೂ ಆಗಬಾರದ ಜೀನ್ ಇದು ಎಂಬುದನ್ನು ಮರೆಯುವಂತಿಲ್ಲ. ‘ಕಾಂಡಕೋಶದಿಂದ ಗುಣ’ ಎಂದು ಜಾಹೀರಾತು ಕೊಡುವವರ ಹತ್ತಿರ ಹೊಲ ಮಾರಿ ಹೋಗುವ ಹೆತ್ತವರು ಇದನ್ನು ದಯವಿಟ್ಟು ಗಮನಿಸಬೇಕು. ರೆಟ್‌ಗೆ ಅಂಥ ಸಿದ್ಧ ಚಿಕಿತ್ಸೆ ಇಲ್ಲ.

ಇವತ್ತು ಕೈಗೆಟಕುವ ಆರೈಕೆಯೇ ಬಹಳಷ್ಟಿದೆ. ಮೂರ್ಛೆಗೆ ಮಾತ್ರೆ, ಬಾಗುವ ಬೆನ್ನಿಗೆ ವ್ಯಾಯಾಮ, ಬೇಕಾದರೆ ಶಸ್ತ್ರಚಿಕಿತ್ಸೆ, ಸಾಕಷ್ಟು ಪೌಷ್ಟಿಕ ಊಟ. ಈ ಹುಡುಗಿಯರ ಬಾಯಿ ಮೌನವಾದರೂ ಕಣ್ಣು ಮಾತಾಡುತ್ತದೆ. ಎರಡು ಚಿತ್ರ ಹಿಡಿದು ‘ಬಾಳೆಹಣ್ಣು ಬೇಕಾ, ನೀರು ಬೇಕಾ’ ಅಂದರೆ ಬೇಕಾದದ್ದರ ಮೇಲೆ ದೃಷ್ಟಿ ನೆಡುತ್ತಾರೆ. ಉತ್ತರ ಬರಲು ಹೊತ್ತು ಹಿಡಿಯುತ್ತದೆ, ಕಾಯಬೇಕು. ಚೆನ್ನಾಗಿ ನೋಡಿಕೊಂಡರೆ ಬಹಳ ಮಂದಿ ನಡುವಯಸ್ಸಿನವರೆಗೂ ಬದುಕುತ್ತಾರೆ.

ನಮ್ಮ ಮಾತು

2021ರಲ್ಲಿ ಕೇಂದ್ರ ಸರ್ಕಾರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ತಂದಿದೆ. ಅದರಡಿ ಗುರುತಿಸಿದ ಕೇಂದ್ರಗಳಲ್ಲಿ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಮತ್ತು ಮಾನವ ತಳಿವಿಜ್ಞಾನ ಕೇಂದ್ರ ಜೊತೆಯಾಗಿ ಒಂದು. ನಿಮ್ಹಾನ್ಸ್‌ನಲ್ಲಿ ರೋಗಿಯೂ ಪ್ರಯೋಗಾಲಯವೂ ಒಂದೇ ಆವರಣದಲ್ಲಿವೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಜೊತೆ ಸೇರಿ, ಸಂಶೋಧನೆ ಮಾಡಬಯಸುವ ವೈದ್ಯರಿಗೆಂದೇ ಫೆಲೋಶಿಪ್ ಕೊಡುತ್ತ ಬಂದಿದೆ.

ಇಷ್ಟಿದ್ದೂ ನಮ್ಮ ಮೆಡಿಕಲ್ ಕಾಲೇಜುಗಳಲ್ಲಿ ರೋಗಿಯನ್ನು ನೋಡುವವರಿಗೆ ಸಂಶೋಧನೆಗೆ ಸಮಯವಿಲ್ಲ, ಸಂಶೋಧನೆ ಮಾಡುವವರು ರೋಗಿಯನ್ನು ಕಾಣುವುದಿಲ್ಲ. ಹೊರರೋಗಿ ವಿಭಾಗದಲ್ಲಿ ಮಧ್ಯಾಹ್ನದೊಳಗೆ ನೂರು ಚೀಟಿ ಮುಗಿಸಬೇಕಾದ ಕಿರಿಯ ವೈದ್ಯೆಗೆ ಹಳೆಯ ಫೈಲು ತೆಗೆದು ಕೂರುವ ಬಿಡುವು ಎಲ್ಲಿಂದ ಬರಬೇಕು? ಅವಳ ಬುದ್ಧಿಯಲ್ಲಾಗಲಿ ಕಳಕಳಿಯಲ್ಲಾಗಲಿ ಕೊರತೆಯಿಲ್ಲ. ವಾರಕ್ಕೆ ಎರಡು ದಿನ ಪ್ರಯೋಗಾಲಯಕ್ಕೆ ಮೀಸಲು, ಐದಾರು ವರ್ಷ ಫಲಿತಾಂಶ ಕೇಳದ ಹಣ, ಇವೆರಡನ್ನು ಸರ್ಕಾರಿ ಕಾಲೇಜುಗಳ ಕೆಲವು ವೈದ್ಯರಿಗಾದರೂ ಕೊಡಲು ರಾಜ್ಯ ಮನಸ್ಸು ಮಾಡಬೇಕು.

ಹೆತ್ತವರಿಗೆ ಒಂದು ಮಾತು. ಬಂದ ಮಾತು ಹೋದರೆ, ಬಳಸುತ್ತಿದ್ದ ಕೈ ಬಳಕೆ ತಪ್ಪಿದರೆ, ‘ನೋಡೋಣ’ ಎಂದು ತಿಂಗಳು ದೂಡಬೇಡಿ. ಮಕ್ಕಳ ವೈದ್ಯರಿಂದ ಚೀಟಿ ಬರೆಸಿಕೊಂಡು ಮಕ್ಕಳ ನರತಜ್ಞರ ಬಳಿ ಹೋಗಿ, ಮೆಕ್‌ಪಿ2 ಪರೀಕ್ಷೆ ಬೇಕೇ ಎಂದು ನೀವೇ ಕೇಳಿ. ಪರೀಕ್ಷೆಗೆ ಸ್ವಲ್ಪ ರಕ್ತ ಸಾಕು. ಹೋಗುವಾಗ ಫೋನಿನಲ್ಲಿರುವ ಮಗುವಿನ ಹಳೆಯ ವಿಡಿಯೊಗಳನ್ನು ಅಳಿಸದೆ ತೆಗೆದುಕೊಂಡು ಹೋಗಿ. ಯಾವ ತಿಂಗಳಲ್ಲಿ ಏನು ಮಾಡುತ್ತಿದ್ದಳು, ಯಾವಾಗ ನಿಂತಿತು ಎಂಬುದನ್ನು ಅವು ತಾರೀಖಿನ ಸಮೇತ ವೈದ್ಯರಿಗೆ ಹೇಳುತ್ತವೆ.